ಕೈ ಕಾಣುವ ಫೋನು

ಸೊರಬ ಸೀಮೆಗೆ ಬಂದ ಮೊದಲ ವಾರದಲ್ಲೇ ಎಮ್ಮೆಯೊಂದು ನನ್ನ ಫೋನನ್ನು ತುಳಿಯಿತು. ನಾನು ಬಾಡಿಗೆಗಿದ್ದ ಮನೆಯದೇ ಎಮ್ಮೆ. ಕೊಟ್ಟಿಗೆಯಲ್ಲಿ ಬಗ್ಗಿ ಅದರ ಕೆಚ್ಚಲು ನೋಡುತ್ತಿದ್ದಾಗ ಮೇಲಂಗಿಯ ಜೇಬಿನಿಂದ ಫೋನು ಜಾರಿತು. ನಾನು ಕೈ ಚಾಚುವಷ್ಟರಲ್ಲಿ ಎಮ್ಮೆ ಕಾಲು ಬದಲಿಸಿತು. ಹಪ್ಪಳ ಮುರಿದಂಥ ಸದ್ದು. ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತು, "ನನ್ನ ತಂಗಿ ಹ್ವಾದಳ್ರೀ!" ಎಂದು ಅತ್ತುಬಿಟ್ಟೆ.

ಮನೆಯೊಡತಿ ಸರೋಜಕ್ಕ ಹಾಲಿನ ಪಾತ್ರೆ ಕೆಳಗಿಟ್ಟು ಓಡಿಬಂದರು. "ಅಯ್ಯೋ ದೇವ್ರೇ! ಎಂತ ಆಗಿತ್ತು ಅವ್ಳಿಗೆ? ಫೋನ್ ಬಂತನ?" ಎಂದು ನನ್ನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು ತಾವೂ ಅಳತೊಡಗಿದರು. ಪಕ್ಕದ ಮನೆಯವರು ನೀರು ತಂದರು. ಯಾರೋ ಬಸ್ಸಿನ ಹೊತ್ತು ವಿಚಾರಿಸಲು ಹೊರಟೇಬಿಟ್ಟರು. ನನ್ನ ತಂಗಿ ಇಂಡಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಗಟ್ಟಿಮುಟ್ಟಾಗಿದ್ದಾಳೆ, ಹೋದದ್ದು ಫೋನು ಮಾತ್ರ ಎಂದು ತಿಳಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಸರೋಜಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಫೋನಿಗೆ ಇಷ್ಟು ಅಳದಾ ಮಾರಾಯ್ತಿ! ನಾನು ತಿಥಿವರೆಗೂ ಹೋಗಿದ್ದೆ!" ಅಂದರು. ಆಮೇಲೆ ಇಬ್ಬರೂ ನಕ್ಕೆವು. ಈ ಊರಿನಲ್ಲಿ ನಾನು ಮೊದಲ ಸಲ ನಕ್ಕದ್ದು ಅವತ್ತೇ ಇರಬೇಕು.

ಆದರೆ ನಾನು ಅತ್ತದ್ದು ಸುಳ್ಳಲ್ಲ. ನನ್ನ ತಂಗಿ ನೀಲಾ ಹುಟ್ಟಿನಿಂದ ಕಿವುಡಿ. ಬಾಯಿಂದ ಮಾತೂ ಇಲ್ಲ. ನಾವಿಬ್ಬರೂ ಕೂಡಿ ಬೆಳೆಯುತ್ತ ಕೈಯಲ್ಲೇ ಒಂದು ಭಾಷೆ ಕಟ್ಟಿಕೊಂಡೆವು. ಯಾವ ಶಾಲೆಯಲ್ಲೂ ಕಲಿಸದ, ನಮ್ಮ ಮನೆಯ ಅಂಗಳದಲ್ಲಿ ಹುಟ್ಟಿದ ಭಾಷೆ. ಅವ್ವನಿಗೆ ಅದರಲ್ಲಿ ಉಣ್ಣು, ಬಾ, ಹೋಗು, ಕುರಿ, ನೀರು ಇಷ್ಟು ತಿಳಿಯುತ್ತದೆ. ಅಪ್ಪನಿಗೆ ಅದಕ್ಕಿಂತ ಕಡಿಮೆ. ಅವಳಿಗೆ ಸಿಟ್ಟು ಯಾಕೆ ಬಂತು, ಕನಸಿನಲ್ಲಿ ಏನು ಕಂಡಳು, ಯಾರ ನಡಿಗೆ ನೋಡಿದರೆ ನಗು ಬರುತ್ತದೆ, ಇವೆಲ್ಲ ನನಗೆ ಮಾತ್ರ. ಬೇರೆಯವರಿಗೆ ಫೋನೆಂದರೆ ಕಿವಿಗೆ ಹಿಡಿಯುವ ವಸ್ತು. ನಮಗೆ ಅದು ಕಣ್ಣಿನ ಮುಂದೆ ಹಿಡಿಯುವಂಥದ್ದು. ನನಗೆ ಪಶು ಆಸ್ಪತ್ರೆಯ ಪರೀಕ್ಷಕಿಯ ಕೆಲಸ ಸಿಕ್ಕು, ಗುಡವಿ ಹತ್ತಿರದ ಈ ಹಳ್ಳಿಗೆ ಹಾಕಿದಾಗ ಮನೆಯವರೆಲ್ಲ ಸಂಭ್ರಮಪಟ್ಟರು. ನೀಲಾ ಮಾತ್ರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ನಮ್ಮ ಭಾಷೆಯಲ್ಲಿ ಅದು ಮೌನ.

ಇಲ್ಲಿ ಎಲ್ಲ ಉಲ್ಟಾ. ನಮ್ಮ ಕಡೆ ನೀರು ಹುಡುಕಬೇಕು, ನೆಟ್‌ವರ್ಕ್ ಹೇರಳ. ಇಲ್ಲಿ ನೀರು ಹೇರಳ, ನೆಟ್‌ವರ್ಕ್ ಹುಡುಕಬೇಕು. ನಮ್ಮಲ್ಲಿ ಸಿಗ್ನಲ್ ಕೈಕೊಟ್ಟರೆ ಮಾಳಿಗೆ ಹತ್ತಿದರಾಯಿತು. ಇಲ್ಲಿನ ಮನೆಗಳಿಗೆಲ್ಲ ಇಳಿಜಾರು ಹೆಂಚು, ಬೆಕ್ಕು ಬಿಟ್ಟರೆ ಇನ್ನಾರೂ ಹತ್ತಲಾರರು. ಬೇಲಿಯ ಬಾಯಿಗೆ ಗಳುಗಳನ್ನು ಅಡ್ಡ ಸರಿಸಿ ದನ ಬಾರದಂತೆ ತಡೆಯುತ್ತಾರೆ, ಅದಕ್ಕೆ ದಣಪೆ ಅನ್ನುತ್ತಾರೆ. ಮೊದಲ ದಿನ ಅದನ್ನು ಸರಿಸುವುದು ತಿಳಿಯದೆ ಸೀರೆ ಎತ್ತಿ ದಾಟಿದ್ದೆ. ಮೂರು ಹೊತ್ತೂ ಅನ್ನ. ಜೋಳದ ರೊಟ್ಟಿ ಬಡಿಯುವ ಸದ್ದಿಲ್ಲದೆ ಬೆಳಗಾಗುವುದು ನನಗೆ ಬಹಳ ದಿನ ವಿಚಿತ್ರ ಅನಿಸಿತು. ಮಾತೂ ಹಾಗೇ. ನಾವು "ಏನ್ರೀ" ಅಂದರೆ ಇವರು "ಎಂತ" ಅನ್ನುತ್ತಾರೆ. ಕನ್ನಡದ ನಾಡಿನಲ್ಲೇ ನಾನು ಪರಭಾಷೆಯವಳಂತೆ ಪ್ರತಿ ಮಾತಿಗೂ ಎದುರಿನವರ ಮುಖ ನೋಡುತ್ತಿದ್ದೆ. ಆಗೆಲ್ಲ ನೀಲಾ ಜೀವಮಾನವಿಡೀ ಹೀಗೇ ಮುಖ ನೋಡುತ್ತಲೇ ಬದುಕಿದ್ದಾಳಲ್ಲ ಎಂದು ನೆನಪಾಗುತ್ತಿತ್ತು.

ಫೋನು ಕೊಳ್ಳಲು ಶಿರಾಳಕೊಪ್ಪಕ್ಕೆ ಹೋದೆ. ಸುತ್ತಿನ ಹಳ್ಳಿಗಳಿಗೆಲ್ಲ ಅದೇ ಪೇಟೆ. ಬಸ್ ಸ್ಟ್ಯಾಂಡಿನ ಹತ್ತಿರ ರಫೀಕ್ ಸಾಬರ ಪುಟ್ಟ ಮೊಬೈಲ್ ಅಂಗಡಿ. ನನಗೊಂದು, ಊರಿನಲ್ಲಿ ಅಲ್ಲಿಯವರೆಗೆ ಅಪ್ಪನ ಫೋನು ಬಳಸುತ್ತಿದ್ದ ತಂಗಿಗೊಂದು, ಎರಡು ಫೋನು ಬೇಕಿತ್ತು. ಹೊಸ ನೌಕರಿಯವಳಿಗೆ ಅಗ್ಗದ್ದೇ ಗತಿ. ರಫೀಕ್ ಸಾಬರು ಶೋಕೇಸಿನ ತಳದ ಸಾಲಿನಿಂದ ಒಂದು ತೆಗೆದರು.

"ಇದ್ರ ಸೌಂಡ್ ಕೇಳ್ರಿ ಮೇಡಂ. ಮದುವೆ ಮನೆಗೆ ಬೇರೆ ಸ್ಪೀಕರ್ ಬೇಡ."

"ಸೌಂಡ್ ಬ್ಯಾಡ್ರೀ ನನಗ," ಅಂದೆ.

"ಸೌಂಡ್ ಬೇಡ್ವಾ?" ಅವರು ಮುಖ ನೋಡಿದರು. "ಮತ್ತೆ ಹಾಡು? ಗೇಮು?"

"ಕೈ ಅಲ್ಲಾಡಿಸಿದರ ಬೆರಳು ಚಂದಗೆ ಕಾಣಬೇಕು. ಅಷ್ಟ."

ತಂಗಿಯ ವಿಷಯ ಹೇಳಿದೆ. ಅವರು ಒಂದು ಫೋನನ್ನು ನನ್ನ ಕೈಗಿತ್ತು, ಇನ್ನೊಂದನ್ನು ತಾವು ಹಿಡಿದು, ರಸ್ತೆ ದಾಟಿ ಎದುರಿನ ಬೇಕರಿಯ ನೆರಳಲ್ಲಿ ನಿಂತು ನನಗೇ ವಿಡಿಯೊ ಕರೆ ಮಾಡಿದರು. ಬಾಳೆಹಣ್ಣು ಸುಲಿಯುವ ಹಾಗೆ, ಸೈಕಲ್ ಪಂಪ್ ಹೊಡೆಯುವ ಹಾಗೆ, ಮಗುವನ್ನು ತೂಗುವ ಹಾಗೆ ಒಂಟಿ ಕೈಯಲ್ಲಿ ಅಭಿನಯ ಮಾಡಿ, "ಎಂತ ಮಾಡ್ದೆ ಹೇಳ್ರಿ ಮೇಡಂ!" ಎಂದು ಕೂಗಿದರು. ಬಸ್ಸಿಗೆ ಕಾದವರೆಲ್ಲ ನೋಡುತ್ತಿದ್ದರು. ಬಿಸಿಲಿಗೆ ಬಂದು ಮಾಡಿದರು, ಅಂಗಡಿಯ ಒಳಗೆ ಟ್ಯೂಬ್‌ಲೈಟಿನ ಕೆಳಗೂ ಮಾಡಿದರು. ಬೆಳಕಿದ್ದಾಗ ಬೆರಳುಗಳು ಸ್ಪಷ್ಟ. ಟ್ಯೂಬ್‌ಲೈಟಿನಲ್ಲಿ ಕೈ ಬೀಸಿದರೆ ಒಂದು ಕೈ ಮೂರಾಗಿ ಕಾಣುತ್ತಿತ್ತು. "ಈ ರೇಟಿಗೆ ಹಗಲು ಚಲೋ ಐತಿ ಮೇಡಂ. ಕತ್ತಲಾದ್ರೆ ಅಷ್ಟಕ್ಕಷ್ಟೆ, ಸುಳ್ಳು ಹೇಳೋದಿಲ್ಲ ನಾನು," ಅಂದರು. ಆ ಮಾತಿಗಾಗಿಯೇ ಅವರಲ್ಲಿ ಎರಡೂ ಕೊಂಡೆ.

ರಜೆಗೆ ಊರಿಗೆ ಹೋದಾಗ ಒಂದನ್ನು ನೀಲಾಳಿಗೆ ಕೊಟ್ಟು ಕಲಿಸಿದೆ. ಅವಳಿಗೆ ಅಕ್ಷರ ಅಷ್ಟಾಗಿ ಬಾರದು. ಚಿತ್ರಗಳ ಗುರುತಿನಲ್ಲೇ ಎಲ್ಲವನ್ನೂ ಹಿಡಿದುಬಿಟ್ಟಳು.

ಇಷ್ಟು ತಿಂಗಳು ಬಳಸಿದ ಮೇಲೆ ಈ ಫೋನಿನ ಗುಣಾವಗುಣ ನಾನು ಹೇಳಬಲ್ಲೆ. ಬ್ಯಾಟರಿ ಧಾರಾಳಿ, ಗಾಳಿಮಳೆಗೆ ಕರೆಂಟು ಹೋದರೆ ಎರಡು ದಿನವಾದರೂ ತಡೆಯುತ್ತದೆ. ಬೆನ್ನು ಒರಟು ಪ್ಲಾಸ್ಟಿಕ್ಕು, ಹಸಿ ಕೈಯಿಂದಲೂ ಜಾರದು. ಕೊಟ್ಟಿಗೆಯಲ್ಲಿ ದುಡಿಯುವವರಿಗೆ ಅದು ದೊಡ್ಡ ಗುಣ. ಆದರೆ ಒತ್ತಿದ್ದು ಕೇಳಿಸಿಕೊಳ್ಳಲು ಅದಕ್ಕೆ ಪುರುಸೊತ್ತು ಬೇಕು, ಮುದಿ ಎತ್ತಿನ ಹಾಗೆ. ಎರಡನೇ ಸಲ ಒತ್ತಿದರೆ ಮುನಿಸಿಕೊಂಡು ನಿಂತುಬಿಡುತ್ತದೆ. ನಾಲ್ಕು ವಿಡಿಯೊ ಕೂಡಿದರೆ ಹೊಟ್ಟೆ ತುಂಬಿತು ಅನ್ನುತ್ತದೆ. ಮಾತಾಡಿದರೆ ತಾನೇ ಬರೆಯುವ ಸೌಕರ್ಯವೂ ಇದೆ, ಆದರೆ ಅದಕ್ಕೆ ಬರುವುದು ಪುಸ್ತಕದ ಕನ್ನಡ. ನಾನು "ಎಮ್ಮಿ ಈದೈತಿ" ಅಂದರೆ "ಅಮ್ಮಿ ಇದಾಯಿತು" ಎಂದು ಬರೆಯಿತು. ಸರೋಜಕ್ಕ "ಎಮ್ಮೆ ಕರು ಹಾಕ್ಯದೆ" ಅಂದು ನೋಡಿದರು. ಅವರದನ್ನೂ ತಪ್ಪಾಗಿಯೇ ಬರೆಯಿತು. "ನಮ್ಮಿಬ್ಬರ ಮಾತೂ ಇದಕ್ಕೆ ತಿಳೀದಿಲ್ಲ ನೋಡ್ರಿ," ಎಂದು ಅವರು ಖುಷಿಪಟ್ಟರು. ಆ ಹೊತ್ತಿಗೆ ನಾವಿಬ್ಬರೂ ಒಂದೇ ಊರಿನವರಾದೆವು ಅನಿಸಿತು.

ಫೋನಿನ ನಿಜವಾದ ತೊಂದರೆ ಬೇರೆಯೇ ಇತ್ತು. ಕೈಮಾತಿಗೆ ಎರಡೂ ಕೈ ಬೇಕು. ಫೋನು ಹಿಡಿದರೆ ಒಂದು ಕೈ ಹೋಯಿತು, ಅಂದರೆ ಅರ್ಧ ಮಾತು ಹೋಯಿತು. ಗೋಡೆಗೆ, ಚೊಂಬಿಗೆ, ಅಕ್ಕಿ ಡಬ್ಬಿಗೆ ಒರಗಿಸಿ ನೋಡಿದೆ. ಜಾರಿ ಅಂಗಾತ ಬಿದ್ದು ಹೆಂಚಿನ ಮಾಡು ತೋರಿಸುತ್ತಿತ್ತು. ಒಂದು ದಿನ ಸರೋಜಕ್ಕ ಸೌತೆಕಾಯಿ ಹೆಚ್ಚುವುದು ಬಿಟ್ಟು ಬಂದು, "ಕೊಡಿ ಇಲ್ಲಿ, ನಾನು ಹಿಡ್ಕಂಡಿರ್ತೀನಿ," ಅಂದರು. ಅಂದಿನಿಂದ ಅವರೇ ನನ್ನ ಮೂರನೆಯ ಕೈ. ಕರೆ ಮುಗಿಯುವ ಹೊತ್ತಿಗೆ ನೀಲಾ ಅವರ ಕಡೆ ಫೋನು ತಿರುಗಿಸಲು ಹೇಳಿ, ಊಟ ಆಯಿತೇ ಎಂದು ಕೇಳುತ್ತಿದ್ದಳು. ಸರೋಜಕ್ಕ ಹೊಟ್ಟೆ ಸವರಿ ಉತ್ತರ ಕೊಡುತ್ತಿದ್ದರು.

ಮನೆಯಲ್ಲಿ ಸಿಗ್ನಲ್ ಬರುವುದೇ ಅಪರೂಪವಾದ್ದರಿಂದ ನಾವು ಹೆಚ್ಚಾಗಿ ವಿಡಿಯೊ ಮಾಡಿ ಕಳಿಸುತ್ತಿದ್ದೆವು. ಅಂಥ ಒಂದು ವಿಡಿಯೊದಿಂದಲೇ ಗೊಂದಲ ಶುರುವಾದದ್ದು. ಅವ್ವ ಫೋನು ಮಾಡಿ, ನೀಲಾಳಿಗೆ ಸಂಬಂಧ ಕೂಡಿಬಂದಿದೆ ಅಂದಳು. ದೂರದ ಸಂಬಂಧದ ಸೋದರಮಾವನ ಮಗ, ಹೊಲಮನೆ ಇರುವವನು.

"ಫೋಟೊ ತೋರಿಸೀನಿ. ಆಕಿ ನಕ್ಕಾಳ, ತಲಿನೂ ಅಲ್ಲಾಡಿಸ್ಯಾಳ. ನಿನಗ ವಿಡಿಯೊ ಕಳಿಸ್ಯಾಳಂತ, ನೋಡು. ನಾಡಿದ್ದು ಮಾತು ಕೊಡತೀವಿ."

ವಿಡಿಯೊ ತೆರೆದೆ. ನೀಲಾ ನಿಧಾನವಾಗಿ ಹೇಳುತ್ತಿದ್ದಳು: ಮದುವೆ. ಆ ಮನೆ. ನಾನು ಹೋಗುತ್ತೇನೆ. ಮುಖ ನುಣ್ಣಗೆ, ಶಾಂತವಾಗಿ, ಕ್ಯಾಲೆಂಡರಿನ ದೇವಿಯಂತಿತ್ತು. ಸಂತೋಷಪಡಬೇಕಿತ್ತು. ಆದರೆ ಎಲ್ಲೋ ಹಿಡಿಸಲಿಲ್ಲ. ಮತ್ತೆ ಮತ್ತೆ ನೋಡಿದೆ. ಬಿಸಿಲಲ್ಲಿ ಕುರಿ ಕಾಯ್ದು ಬೆಳೆದ ನನ್ನ ತಂಗಿಯ ಮುಖ ಇಷ್ಟು ನುಣ್ಣಗೆ ಯಾವಾಗಿನಿಂದ? ಅವಳ ಗಲ್ಲದ ಸೀತಾಳೆ ಸಿಡುಬಿನ ಕಲೆ ಎಲ್ಲಿ?

ನಮ್ಮ ಕೈಮಾತಿನಲ್ಲಿ ಪ್ರಶ್ನೆಗೂ ಉತ್ತರಕ್ಕೂ ಕೈ ಒಂದೇ. ಹಣೆಯಲ್ಲಿ ನೆರಿಗೆ ಮೂಡಿದರೆ ಪ್ರಶ್ನೆ, ಇಲ್ಲವಾದರೆ ಉತ್ತರ. "ಹೋಗುತ್ತೇನೆ" ಎಂಬುದಕ್ಕೂ "ಹೋಗಬೇಕೇ?" ಎಂಬುದಕ್ಕೂ ಇರುವ ವ್ಯತ್ಯಾಸ ಹಣೆಯ ಮೇಲಿನ ನಾಲ್ಕು ಗೆರೆ. ನನ್ನ ಫೋನಿನ ಮುಂದಿನ ಕ್ಯಾಮೆರಾ ತೆರೆದು ನನ್ನ ಮುಖವನ್ನೇ ನೋಡಿಕೊಂಡೆ. ಹಣೆ ಗಂಟಿಕ್ಕಿದೆ, ಪರದೆಯಲ್ಲಿ ಗೆರೆ ಮೂಡಲಿಲ್ಲ. ಒಂದು ಮೂಲೆಯಲ್ಲಿ ಮುಖದ ಗುರುತಿತ್ತು. ಅದನ್ನು ಒತ್ತಿದರೆ ತಿಳಿಯಿತು: ಚರ್ಮವನ್ನು ಚೆಂದ ಮಾಡುವ ಏರ್ಪಾಡು ಕಂಪನಿಯಿಂದ ಬರುವಾಗಲೇ ಚಾಲೂ ಇದೆ. ಕಲೆ, ಸುಕ್ಕು, ನೆರಿಗೆ ಎಲ್ಲವನ್ನೂ ಅದು ಒರೆಸಿಹಾಕುತ್ತದೆ. ಅಂಗಡಿಯಲ್ಲಿ ನಾವು ಬೆರಳುಗಳನ್ನು ಪರೀಕ್ಷಿಸಿದ್ದೆವು. ಹಣೆಯ ನೆನಪು ಇಬ್ಬರಿಗೂ ಬಂದಿರಲಿಲ್ಲ. ದಿನದ ಮಾತಿನಲ್ಲಿ ಯಾವುದು ಪ್ರಶ್ನೆಯೆಂದು ಸಂದರ್ಭವೇ ಹೇಳುತ್ತಿದ್ದುದರಿಂದ ಆಮೇಲೂ ಅದು ಗಮನಕ್ಕೆ ಬಂದಿರಲಿಲ್ಲ.

ಅವಳು ಹೇಳಿದಳೋ ಕೇಳಿದಳೋ ಎಂಬುದು ನೇರ ನೋಡದೆ ತಿಳಿಯುವಂತಿರಲಿಲ್ಲ. ಮಾರನೆಯ ಬೆಳಿಗ್ಗೆ ಸರೋಜಕ್ಕನನ್ನು ಕರೆದುಕೊಂಡು ಗುಡವಿ ಕೆರೆ ಏರಿಗೆ ಹೋದೆ. ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ನೀರಲ್ಲಿ ನಿಂತ ಮರಗಳ ತುಂಬ ಬಿಳಿ ಹಕ್ಕಿಗಳು, ಗದ್ದಲವೋ ಗದ್ದಲ. ಅವ್ವನಿಗೆ ಹೇಳಿ ನೀಲಾಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಕೂರಿಸಿದ್ದೆ. ಅಪ್ಪ ಅವಳ ಫೋನು ಹಿಡಿದಿದ್ದ, ಇಲ್ಲಿ ಸರೋಜಕ್ಕ ನನ್ನದು. ಮುಖ ಚೆಂದ ಮಾಡುವುದನ್ನು ಎರಡೂ ಕಡೆ ಬಂದ್ ಮಾಡಿಯಾಗಿತ್ತು.

ನೀಲಾ ಬಂದಳು. ಅವಳ ಸಿಡುಬಿನ ಕಲೆ ನೋಡಿ ನನಗೆ ಜೀವ ಬಂದಂತಾಯಿತು. ಅವಳು ಮೊದಲು ಕೇಳಿದ್ದು ನನ್ನ ಹಿಂದಿನ ಹಕ್ಕಿಗಳ ಬಗ್ಗೆ. ಆಮೇಲೆ ಮತ್ತೆ ಅದೇ ಮಾತು: ಮದುವೆ. ಆ ಮನೆ. ನಾನು ಹೋಗಬೇಕೇ? ಹಣೆಯ ತುಂಬ ಗೆರೆ.

ಮನಸ್ಸಿಲ್ಲವೇ ಎಂದು ಕೇಳಿದೆ. ಅಂಗೈಯಿಂದ ಗಾಳಿಯನ್ನು ಕತ್ತರಿಸಿದಳು. ಇಲ್ಲ. ಅವನು ಮನೆಗೆ ಬಂದಿದ್ದಾಗ ಅಪ್ಪನ ಜೊತೆ ಮಾತಾಡಿದ, ಅವ್ವನ ಜೊತೆ ಮಾತಾಡಿದ. ತನ್ನ ಕೈ ಕಡೆ ಒಂದು ಸಲವೂ ನೋಡಲಿಲ್ಲ ಅಂದಳು. ಅವ್ವ ಫೋಟೊ ತೋರಿಸಿದಾಗ ಯಾಕೆ ನಕ್ಕೆ ಅಂದರೆ, ಅವನ ಮೀಸೆ ನೋಡಿ ನಗು ಬಂತಂತೆ. ತಲೆಯಾಡಿಸಿದ್ದು, ಆಯಿತು, ನೋಡಿದೆ ಎಂದು ಹೇಳಲು.

ಅಷ್ಟರಲ್ಲಿ ಅವಳು ಮುಷ್ಟಿ ಹಿಡಿದು ಬೀಸುವಂತೆ ತಿರುಗಿಸಿದಳು. ಆ ಮನೆಯಲ್ಲಿ ಬೀಸುವ ಕೆಲಸವೆಂದು ಹೆದರಿದ್ದಾಳೆ ಅಂದುಕೊಂಡೆ. ಅವಳು ತಲೆ ಕೊಡವಿದಳು. ಮತ್ತೆ ಬೀಸಿದಳು, ಎರಡೂ ಹುಬ್ಬುಗಳನ್ನು ಬೆರಳಿನಿಂದ ಸವರಿ ಹಿಟ್ಟು ಊದಿದಂತೆ ಮಾಡಿ, ನೆಲ ನೋಡಿದಳು. ಹುಬ್ಬಿಗೆ ಹಿಟ್ಟು ಹತ್ತಿದ ಗಂಡಸು! ನಮ್ಮೂರ ಹಿಟ್ಟಿನ ಗಿರಣಿಯ ಮಲ್ಲಪ್ಪ.

ಗಿರಣಿ ನಡೆಯುವಾಗ ಅಲ್ಲಿ ಯಾರಿಗೂ ಯಾರ ಮಾತೂ ಕೇಳುವುದಿಲ್ಲ. ಅದಕ್ಕೆ ಮಲ್ಲಪ್ಪ ಎಲ್ಲರೊಂದಿಗೂ ಕೈಯಲ್ಲೇ ಮಾತಾಡುತ್ತಾನೆ: ತಡೆ, ನುಣ್ಣಗೆ ಬೇಕೋ ತರಿಯೋ, ಆಯಿತು ಒಯ್ಯಿ. ಜೋಳ ಬೀಸಿಸಲು ಹೋದಾಗ ಅಲ್ಲಿ ಎಲ್ಲರೂ ನನ್ನಂತೆಯೇ ಆಗುತ್ತಾರೆ, ಅಂದಳು ನೀಲಾ. ಅವನು ಹೊಸ ಕೈಮಾತು ಕೇಳಿ ಕಲಿಯುತ್ತಾನೆ. ಮಳೆ ಎಂಬುದನ್ನು ಕಲಿತಿದ್ದಾನೆ. ಜಡೆ ಎಂಬುದನ್ನೂ.

"ಜಡೆ ಗಿರಣಿಯಲ್ಲಿ ಯಾಕೆ ಬೇಕಾಯಿತು?" ಎಂದು ಕೇಳಿದೆ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಏನೂ ಅರ್ಥವಾಗದೆ ಫೋನು ಹಿಡಿದು ನಿಂತಿದ್ದ ಸರೋಜಕ್ಕ ನಗತೊಡಗಿ, ಪರದೆ ನಡುಗಿತು. "ಎಂತದೋ ಒಳ್ಳೆ ಸುದ್ದಿ ಅಲ್ಲನ್ರೀ?"

ಅವ್ವನನ್ನು ಕರೆಯಿಸಿ ಎಲ್ಲ ಹೇಳಿದೆ. ಅವಳಿಗೆ ಸಿಟ್ಟು ಬಂತು, ಆಮೇಲೆ ಅಳು. "ನಾ ಹಡದಾಕಿ. ನನ್ನ ಮಗಳ ಮಾತು ನನಗ ತಿಳೀಲಿಲ್ಲಲ್ಲ," ಅಂದಳು.

"ನನಗೂ ತಿಳೀಲಿಲ್ಲವ್ವ. ಫೋನಿನ್ಯಾಗ ಹಣಿ ಅಳಿಸಿತ್ತು."

"ಆಂವ ಒಪ್ಪಬೇಕಲ್ಲ? ಮಾತ ಬರದ ಹುಡುಗಿನ್ನ ಮಾಡಿಕೊಂತಾನೇನ?"

"ಕೇಳಲಾರದ ಹೆಂಗ ಗೊತ್ತಾಗತದ? ಅಪ್ಪನ್ನ ಗಿರಣಿಗಿ ಕಳಸು."

ಅಪ್ಪ ಜೋಳದ ಚೀಲದ ನೆವದಲ್ಲಿ ಹೋದ. ಮಲ್ಲಪ್ಪ ಗಿರಣಿ ನಿಲ್ಲಿಸಿ, ಹಿಟ್ಟಿನ ಕೈ ಒರೆಸಿಕೊಂಡು, "ನಾನ ಬಂದು ಕೇಳಬೇಕಂತಿದ್ದೆ ಮಾವ. ಆಕಿ ಒಲ್ಲೆ ಅಂದರ ಅಂತ ಅಂಜಿದ್ದೆ. ಈ ಸಪ್ಪಳದಾಗ ನನಗೂ ಅರ್ಧ ಕಿವಿ ಹೋಗ್ಯಾವ," ಅಂದನಂತೆ.

ಈ ಸುದ್ದಿ ಬಂದ ಮಧ್ಯಾಹ್ನ ನಾನು ಕುಣಿಯಬೇಕಿತ್ತು. ಬದಲಿಗೆ ಸರೋಜಕ್ಕನ ಮನೆಯ ಪಕ್ಕದ ಕೋಣೆಗೆ ಹೋಗಿ ಕೂತೆ. ಆ ಕೋಣೆಯನ್ನು ನಾನು ನೀಲಾಳಿಗಾಗಿ ಕೇಳಿಟ್ಟಿದ್ದೆ. ಸರೋಜಕ್ಕ ಸುಣ್ಣವನ್ನೂ ಬಳಿಸಿದ್ದರು. ಅವಳನ್ನು ಇಲ್ಲಿಗೆ ಕರೆತಂದರೆ ದಿನವಿಡೀ ಬೇರೆಯವರ ಮಾತಿನಲ್ಲಿ ಎಡವಿ ಬಂದ ನನಗೆ ಸಂಜೆಗೆ ನನ್ನದೇ ಭಾಷೆ ಇರುತ್ತದೆ ಎಂದು ಆಸೆಪಟ್ಟಿದ್ದೆ. ಅವಳಿಗೆ ನಾನು ಬೇಕು ಅಂದುಕೊಂಡಿದ್ದೆ. ಅವಳು ನನ್ನಷ್ಟು ಒಂಟಿಯಾಗಿರಲಿಲ್ಲ.

ಸರೋಜಕ್ಕ ಬಂದು ಹೊಸ್ತಿಲ ಮೇಲೆ ಕೂತರು. "ಕೋಣೆ ಹಂಗೇ ಇರ್ಲಿ ಬಿಡಿ. ಇಬ್ರೂ ಬಂದಾಗ ಉಳ್ಕಳಕ್ಕೆ ಆತು," ಅಂದು, ಕೆಸುವಿನೆಲೆಯ ಪತ್ರೊಡೆಯ ತಟ್ಟೆ ನನ್ನ ಮುಂದೆ ಇಟ್ಟರು.

ಆಮೇಲೆ ನೀಲಾ ನನಗೊಂದು ಕೆಲಸ ಹಚ್ಚಿದಳು. ತಾನು ಕಲಿಸಿದರೆ ಮಲ್ಲಪ್ಪನಿಗೆ ಕೈ ಮಾತ್ರ ತಿಳಿಯುತ್ತದೆ, ಅದರ ಕನ್ನಡ ತಿಳಿಯುವುದಿಲ್ಲ. ನೀನು ಬಾಯಲ್ಲೂ ಹೇಳಿ ಕೈಯಲ್ಲೂ ತೋರಿಸು ಅಂದಳು. ಬಿಡುವಿದ್ದಾಗಲೆಲ್ಲ ಕೆರೆ ಏರಿಯ ಮೇಲೆ ನಿಂತು ಅವನಿಗೆ ಪಾಠದ ವಿಡಿಯೊ ಮಾಡಿದೆ. ಸಿಟ್ಟು, ಬೇಸರ, ತಲೆನೋವು, ತವರುಮನೆ. ಫೋನು ತುಂಬಿ ನಿಂತುಹೋದಾಗ ಶಿರಾಳಕೊಪ್ಪಕ್ಕೆ ಒಯ್ದೆ. ರಫೀಕ್ ಸಾಬರು ಮೆಮೊರಿ ಕಾರ್ಡು ಹಾಕಿ, ಒಂದು ವಿಡಿಯೊ ನೋಡಿ, "ಇದು ಎಂತ ಮೇಡಂ?" ಎಂದು ಕೇಳಿದರು. ಅದು "ನೆನಪು" ಎಂಬ ಸನ್ನೆ. ಅವರು ಗಿರಾಕಿಯನ್ನು ಕಾಯಿಸಿ ಅದನ್ನು ಎರಡು ಸಲ ಮಾಡಿ ನೋಡಿದರು. ಈಗ ಅವರು ಯಾವ ಫೋನು ಮಾರಿದರೂ ಹಣೆ ಗಂಟಿಕ್ಕಿ ಕ್ಯಾಮೆರಾ ಪರೀಕ್ಷಿಸುತ್ತಾರೆ. ಗಿರಾಕಿಗಳಿಗೆ ಕಾರಣ ಗೊತ್ತಿಲ್ಲ.

ಮದುವೆಗೆ ಊರಿಗೆ ಹೋದೆ. ಬಸ್ಸಿಳಿದ ಕೂಡಲೇ ಎರೆಮಣ್ಣಿನ ವಾಸನೆ, ರೊಟ್ಟಿ ಬಡಿಯುವ ಸದ್ದು. ಅಂಗಳದಲ್ಲಿ ಯಾರೋ ಏನೋ ಕೇಳಿದಾಗ ನನ್ನ ಬಾಯಿಂದ "ಎಂತ?" ಎಂದು ಬಂತು. ಹೆಂಗಸರು ಬಿದ್ದುಬಿದ್ದು ನಕ್ಕರು. ಅವ್ವ, "ನನ್ನ ಮಗಳ ಮಾತು ಮಲೆನಾಡಿಗಿ ಹ್ವಾದವು," ಅಂದಳು.

ಅರಿಸಿನ ಹಚ್ಚಿಕೊಂಡು ಕೂತಿದ್ದ ನೀಲಾಳ ಮುಂದೆ ಕೂತು ಪ್ರಯಾಣದ ಸುದ್ದಿ ಹೇಳತೊಡಗಿದೆ. ಅವಳು ನನ್ನ ಮುಖ ನೋಡದೆ ಕೈಗಳನ್ನೇ ನೋಡುತ್ತಿದ್ದಳು. ಆಮೇಲೆ ನನ್ನನ್ನು ಅಣಕಿಸಿದಳು: ಮೊಣಕೈಗಳನ್ನು ಪಕ್ಕೆಗೆ ಅಂಟಿಸಿಕೊಂಡು, ಎದೆಯ ಮುಂದಿನ ಅಂಗೈಯಗಲ ಜಾಗದಲ್ಲಿ ಬೆರಳುಗಳನ್ನು ಗಡಿಬಿಡಿಯಿಂದ ಆಡಿಸಿದಳು. ನನಗೆ ನಾಚಿಕೆಯಾಯಿತು. ಇಷ್ಟು ತಿಂಗಳು ಆ ಪುಟ್ಟ ಪರದೆಯಲ್ಲಿ ಹಿಡಿಸಬೇಕೆಂದು ನಾನು ನನ್ನ ಮಾತನ್ನು ಕುಗ್ಗಿಸಿಕೊಂಡಿದ್ದೆ, ನನಗೇ ತಿಳಿಯದೆ. ನೀಲಾ ಅರಿಸಿನದ ಕೈಗಳಿಂದ ನನ್ನ ಎರಡೂ ಮಣಿಕಟ್ಟು ಹಿಡಿದು, ನನ್ನ ತೋಳುಗಳನ್ನು ಮೆಲ್ಲಗೆ ಅಗಲಿಸಿದಳು. ಇನ್ನೂ ಅಗಲಕ್ಕೆ. ಅಂಗಳದಷ್ಟು. ಇಲ್ಲಿ ಜಾಗ ಇದೆ, ಅಂದಳು.

ಈಗ ಮತ್ತೆ ಇಲ್ಲಿದ್ದೇನೆ. ನಿನ್ನೆ ಕೆರೆ ಏರಿಯ ಮೇಲೆ ನಿಂತು ಅವಳಿಗೆ ಕರೆ ಮಾಡಿದೆ. ಹೊಸ ಮನೆಯಲ್ಲಿ ಅವಳ ಫೋನನ್ನು ಈಗ ಮಲ್ಲಪ್ಪ ಹಿಡಿಯುತ್ತಾನೆ. ಅವರಿಬ್ಬರ ನಡುವೆ ನನಗೆ ತಿಳಿಯದ ಒಂದೆರಡು ಸನ್ನೆ ಆಗಲೇ ಹುಟ್ಟಿವೆ. ನಾನು ಕೇಳಿದರೆ ನಗುತ್ತಾರೆ. ಉತ್ಸಾಹದಲ್ಲಿ ನಾನು ತೋಳು ಅಗಲಿಸಿ ಏನೋ ಹೇಳುತ್ತಿದ್ದೆ. ನೀಲಾ ನಡುವೆ ತಡೆದು, ಕೈ ಕಾಣುತ್ತಿಲ್ಲ, ಒಳಗೆ ತಾ, ಅಂದಳು.

ಫೋನು ಹಿಡಿದಿದ್ದ ಸರೋಜಕ್ಕ ನನ್ನ ತೋಳುಗಳನ್ನೂ ಪರದೆಯನ್ನೂ ನೋಡಿದರು. ಆಮೇಲೆ ಫೋನನ್ನು ನನ್ನ ಕಡೆಗೇ ಹಿಡಿದು, ಏರಿಯ ಮೇಲೆ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಹೋದರು.